ಮಕ್ಕಳ ಪುಸ್ತಕಗಳ ಚರಿತ್ರೆಯಲ್ಲಿ ಮಹಿಳೆಯರ ಹೆಸರೂ ಇರಲಿ

ಮಾನ್ಯರೆ,

ಮಕ್ಕಳ ದಿನಾಚರಣೆಯ ಅಂಗವಾಗಿ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ, ಮಕ್ಕಳ ಪುಸ್ತಕಗಳು ಬೆಳೆದು ಬಂದ ದಾರಿಯನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಲಂಡನ್ನಿನ ಪ್ರಕಾಶಕ ಜಾನ್ ನ್ಯೂಬರಿಯಿಂದ ಆರಂಭಿಸಿ ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ‘ಬಾಲ ಪ್ರಪಂಚ’ದ ಶಿವರಾಮ ಕಾರಂತರವರೆಗೆ ಲೇಖಕರು ನೆನೆದವರೆಲ್ಲ ನೆನೆಯಲೇಬೇಕಾದವರು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ಹುತ್ತರಿಯ ಹಾಡನ್ನು ಕೊಟ್ಟ ಪಂಜೆಯವರ ಹೆಸರು ಕಂಡರೆ ಕೊಡಗಿನವರಿಗೆ ಆಗುವ ಸಂತೋಷವೇ ಬೇರೆ. ಆದರೆ ಅಷ್ಟು ದೀರ್ಘವಾದ ಲೇಖನದಲ್ಲಿ ಒಬ್ಬ ಮಹಿಳೆಯ ಹೆಸರೂ ಇರಲಿಲ್ಲ. ಮಕ್ಕಳ ಪುಸ್ತಕ ಪ್ರಕಾಶನದ ಮಟ್ಟಿಗೆ ಇದನ್ನು ಸಣ್ಣ ಲೋಪವೆಂದು ಬಿಡುವಂತಿಲ್ಲ. ಈ ಕ್ಷೇತ್ರ ಇಂದಿನ ರೂಪ ಪಡೆದದ್ದೇ ಬಹುಮಟ್ಟಿಗೆ ಮಹಿಳೆಯರ ದುಡಿಮೆಯಿಂದ.

ನ್ಯೂಬರಿ ತಮ್ಮ ಮೊದಲ ಮಕ್ಕಳ ಪುಸ್ತಕವನ್ನು ತಂದ 1744ರಲ್ಲೇ, ಅದೇ ಲಂಡನ್ನಿನಲ್ಲಿ, ಮೇರಿ ಕೂಪರ್ ಎಂಬ ಪ್ರಕಾಶಕಿ ಶಿಶುಗೀತೆಗಳ ಸಂಕಲನವೊಂದನ್ನು ಹೊರತಂದಿದ್ದರು. ಇಂಗ್ಲಿಷಿನಲ್ಲಿ ಇಂದಿಗೂ ಉಳಿದಿರುವ ಅಂಥ ಸಂಕಲನಗಳಲ್ಲಿ ಅದೇ ಅತ್ಯಂತ ಹಳೆಯದು. ನ್ಯೂಬರಿಯವರ ಸಹೋದರನ ಮಗ 1780ರಲ್ಲಿ ತೀರಿಕೊಂಡ ಮೇಲೆ ಆತನ ಪುಸ್ತಕ ವ್ಯಾಪಾರವನ್ನು ಸುಮಾರು ಎರಡು ದಶಕ ನಡೆಸಿದವರು ಆತನ ಪತ್ನಿ ಎಲಿಜಬೆತ್. ಮಕ್ಕಳ ಸಾಹಿತ್ಯಕ್ಕೆಂದು ಅಮೆರಿಕದಲ್ಲಿ ಪ್ರತಿವರ್ಷ ಕೊಡುವ ಪದಕಕ್ಕೆ ಮಾತ್ರ ಜಾನ್ ನ್ಯೂಬರಿಯವರ ಹೆಸರಿದೆ.

ಹೆಸರು ಅಳಿಸಿಹೋಗುವುದು ಹೇಗೆಂಬುದಕ್ಕೆ ಒಂದು ಪುಸ್ತಕವನ್ನು ಹತ್ತಿರದಿಂದ ನೋಡಿದರೆ ಸಾಕು. ಶೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆ ಮಾಡಿ ಹೇಳಿದ, 1807ರಲ್ಲಿ ಬಂದ ಆ ಪುಸ್ತಕವನ್ನು ನಮ್ಮಲ್ಲೂ ಎಷ್ಟೋ ತಲೆಮಾರುಗಳು ಶಾಲೆಯಲ್ಲಿ ಓದಿವೆ. ಅದರಲ್ಲಿರುವ 20 ಕಥೆಗಳಲ್ಲಿ 14ನ್ನು ಬರೆದವರು ಮೇರಿ ಲ್ಯಾಂಬ್. ಉಳಿದ ಆರು ಮಾತ್ರ ತಮ್ಮ ಚಾರ್ಲ್ಸ್ ಲ್ಯಾಂಬರವು. ಆದರೂ ಶೀರ್ಷಿಕೆ ಪುಟದಲ್ಲಿ ಇದ್ದದ್ದು ತಮ್ಮನ ಹೆಸರೊಂದೇ. ಅಕ್ಕನ ಹೆಸರು ಅಲ್ಲಿಗೆ ಬರಲು 1838ರ ಏಳನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಆ ವೇಳೆಗೆ ತಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಆ ಪುಸ್ತಕವನ್ನು ಪ್ರಕಟಿಸಿದ ಸಂಸ್ಥೆಯನ್ನು ನಡೆಸುತ್ತಿದ್ದವರಲ್ಲಿ ಮೇರಿ ಜೇನ್ ಗಾಡ್ವಿನ್ ಮುಖ್ಯರು. ಅವರ ಹೆಸರೂ ಪುಸ್ತಕಗಳ ಮೇಲೆ ‘ಎಂ.ಜೆ. ಗಾಡ್ವಿನ್’ ಎಂದಷ್ಟೇ ಅಚ್ಚಾಗುತ್ತಿತ್ತು. ಅದನ್ನು ಓದಿದವರಿಗೆ ಪ್ರಕಾಶಕರು ಒಬ್ಬ ಮಹಿಳೆಯೆಂದು ಹೇಗೆ ತಿಳಿಯಬೇಕು?

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಚಿತ್ರ ಇನ್ನೂ ಸ್ಪಷ್ಟವಾಗಿದೆ. ನ್ಯೂಯಾರ್ಕಿನ ಮ್ಯಾಕ್‌ಮಿಲನ್ ಸಂಸ್ಥೆ 1919ರಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆದಾಗ ಅದರ ಹೊಣೆ ಹೊತ್ತವರು ಲೂಯಿಸ್ ಸೀಮನ್. ಗ್ರಂಥಪಾಲಕಿಯಾಗಿ ಅನುಭವವಿದ್ದ ಮೇ ಮ್ಯಾಸೀ 1922ರಲ್ಲಿ ಡಬಲ್‌ಡೇ ಸಂಸ್ಥೆಯಲ್ಲೂ 1933ರಲ್ಲಿ ವೈಕಿಂಗ್ ಸಂಸ್ಥೆಯಲ್ಲೂ ಇಂಥದೇ ವಿಭಾಗಗಳನ್ನು ಕಟ್ಟಿದರು. ಬಾಸ್ಟನ್ನಿನಲ್ಲಿ 1916ರಲ್ಲಿ ಮಕ್ಕಳ ಪುಸ್ತಕದಂಗಡಿ ತೆರೆದ ಬರ್ತಾ ಮಹೋನಿ, 1924ರಲ್ಲಿ ಮಕ್ಕಳ ಪುಸ್ತಕಗಳ ವಿಮರ್ಶೆಗೇ ಮೀಸಲಾದ ‘ಹಾರ್ನ್ ಬುಕ್’ ಪತ್ರಿಕೆಯನ್ನು ಆರಂಭಿಸಿದರು. ಹಾರ್ಪರ್ ಸಂಸ್ಥೆಯ ಅರ್ಸುಲಾ ನಾರ್ಡ್‌ಸ್ಟ್ರಾಮ್ 1940ರಿಂದ ಮೂರು ದಶಕಗಳಿಗೂ ಮಿಕ್ಕಿ ಆ ವಿಭಾಗವನ್ನು ನಡೆಸಿ, ಮಕ್ಕಳಿಗೆ ಬರೀ ಉಪದೇಶ ಉಣಿಸುವ ಪದ್ಧತಿಯನ್ನೇ ಬದಲಿಸಿದರು. ಮಕ್ಕಳ ವಿಷಯವೆಂದರೆ ಹೆಂಗಸರ ಕೆಲಸ ಎಂಬ ಧೋರಣೆಯಿಂದಲೇ ಅವರಿಗೆ ಈ ಕುರ್ಚಿಗಳು ಸಿಕ್ಕವೆಂಬುದು ನಿಜ. ಹಾಗೆ ಸಿಕ್ಕ ಜಾಗದಲ್ಲಿ ಅವರು ಒಂದು ಹೊಸ ವೃತ್ತಿಯನ್ನೇ ಕಟ್ಟಿದರೆಂಬುದೂ ಅಷ್ಟೇ ನಿಜ.

ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರವಾದವರು ಯೆಲ್ಲಾ ಲೆಪ್‌ಮನ್. ಯೆಹೂದಿಯಾದ ಕಾರಣ ನಾಜಿ ಜರ್ಮನಿಯನ್ನು ಬಿಟ್ಟುಹೋಗಿದ್ದ ಈ ಪತ್ರಕರ್ತೆ ಯುದ್ಧ ಮುಗಿದ ಮೇಲೆ ಅದೇ ದೇಶದ ಮಕ್ಕಳಿಗಾಗಿ ಹಿಂದಿರುಗಿದರು. ಬಾಂಬಿಗೆ ಹಾಳಾದ ಊರುಗಳಲ್ಲಿ ಅನ್ನಕ್ಕೇ ಪರದಾಟವಿದ್ದಾಗ, ಪುಸ್ತಕಗಳನ್ನು ಕಳುಹಿಸಿಕೊಡಿ ಎಂದು ಹಲವು ದೇಶಗಳಿಗೆ ಪತ್ರ ಬರೆದು, 1946ರಲ್ಲಿ ಮ್ಯೂನಿಕ್‌ನಲ್ಲಿ ಮಕ್ಕಳ ಪುಸ್ತಕಗಳ ಪ್ರದರ್ಶನ ಏರ್ಪಡಿಸಿದರು. ಕಾದಾಡುವುದಕ್ಕಿಂತ ಹೂವಿನ ವಾಸನೆ ನೋಡುತ್ತ ಕೂರುವುದನ್ನೇ ಇಷ್ಟಪಡುವ ಹೋರಿಯ ಕಥೆಯನ್ನು ತಾವೇ ಜರ್ಮನ್ ಭಾಷೆಗೆ ತಂದು, ಸುದ್ದಿಪತ್ರಿಕೆಯ ಕಾಗದದಲ್ಲಿ ಅಚ್ಚು ಹಾಕಿಸಿ ಮಕ್ಕಳಿಗೆ ಹಂಚಿದರು. 1949ರಲ್ಲಿ ಅಲ್ಲಿ ತೆರೆದ ಅಂತಾರಾಷ್ಟ್ರೀಯ ಮಕ್ಕಳ ಗ್ರಂಥಾಲಯವೂ, 1953ರಲ್ಲಿ ಸ್ಥಾಪನೆಯಾದ ಮಕ್ಕಳ ಪುಸ್ತಕಗಳ ಅಂತಾರಾಷ್ಟ್ರೀಯ ಮಂಡಳಿಯೂ ಅವರ ಪ್ರಯತ್ನದ ಫಲಗಳು.

ಕನ್ನಡದಲ್ಲಿಯೂ ಈ ಪರಂಪರೆಗೆ ಕೊರತೆಯಿಲ್ಲ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ ಅವರು ಒಂದು ಶತಮಾನಕ್ಕೂ ಹಿಂದೆ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಪ್ರಕಾಶಕಿಯಾಗಬಲ್ಲಳೆಂದು ತೋರಿಸಿದರು. ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ವರ್ಷದ ಪ್ರತಿ ದಿನಕ್ಕೂ ಒಂದರಂತೆ ಕಥೆ ಬರೆದು 12 ಸಂಪುಟಗಳ ‘ದಿನಕ್ಕೊಂದು ಕಥೆ’ಯನ್ನು ಕೊಟ್ಟರು. ಈಚಿನ ದಿನಗಳಿಗೆ ಬಂದರೆ, ಗೀತಾ ಧರ್ಮರಾಜನ್ ಅವರ ಕಥಾ, ಗೀತಾ ವುಲ್ಫ್ ಅವರ ತಾರಾ, 1996ರಲ್ಲಿ ರಾಧಿಕಾ ಮೆನನ್ ಚೆನ್ನೈಯಲ್ಲಿ ಆರಂಭಿಸಿದ ತೂಲಿಕಾ, 2004ರಲ್ಲಿ ಬೆಂಗಳೂರಿನಲ್ಲಿ ರೋಹಿಣಿ ನಿಲೇಕಣಿ ಮತ್ತಿತರರು ಸ್ಥಾಪಿಸಿದ ಪ್ರಥಮ್ ಬುಕ್ಸ್ ಇವೆಲ್ಲ ಭಾರತೀಯ ಮಕ್ಕಳ ಪುಸ್ತಕದ ಚಹರೆಯನ್ನೇ ಬದಲಿಸಿದ ಸಂಸ್ಥೆಗಳು. ತೂಲಿಕಾ ಮತ್ತು ಪ್ರಥಮ್‌ನ ಕನ್ನಡ ಪುಸ್ತಕಗಳು ನಮ್ಮ ಶಾಲೆಗಳಿಗೂ ಬಂದಿವೆ.

ವಿರಾಜಪೇಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದ ನನಗೆ, ಮಕ್ಕಳಿಗೂ ಪುಸ್ತಕಕ್ಕೂ ನಡುವೆ ನಿಂತು ಕೆಲಸ ಮಾಡುವವರು ಯಾರೆಂಬುದು ಗೊತ್ತು. ಕೊಡಗಿನ ಮಳೆಗಾಲದಲ್ಲಿ ಬೀರುವಿನೊಳಗಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಂಡ ದಿನ ಅವುಗಳನ್ನು ಜಗಲಿಗೆ ತಂದು, ಒಣ ಬಟ್ಟೆಯಿಂದ ಒಂದೊಂದೇ ಪುಟ ಒರೆಸಿ, ಬೆನ್ನು ಕಿತ್ತದ್ದಕ್ಕೆ ಅಂಟು ಹಚ್ಚಿ ಮತ್ತೆ ಜೋಡಿಸಿಡುವ ಶಿಕ್ಷಕಿಯರನ್ನೂ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕಿಯರನ್ನೂ ಕಂಡಿದ್ದೇನೆ. ಇವರ ಸಂಬಳ, ಗೌರವಧನಗಳ ಮಾತು ಪ್ರತ್ಯೇಕ ಪತ್ರಕ್ಕೇ ಆದೀತು.

ಈಗ ನನ್ನ ವಿನಂತಿ. ಕೊಡವ ತಕ್ಕ್, ಅರೆಭಾಷೆಗಳಲ್ಲೂ ಯರವ, ಕುರುಬ ಸಮುದಾಯಗಳ ನುಡಿಗಳಲ್ಲೂ ಮಕ್ಕಳಿಗೆ ಹೇಳುವ ಕಥೆಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವವರು ಹೆಚ್ಚಾಗಿ ನಮ್ಮ ಅಜ್ಜಿಯರು. ಮಡಿಕೇರಿಯಲ್ಲಿರುವ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳು ಈ ಕಥೆಗಳನ್ನು ಮಕ್ಕಳ ಚಿತ್ರಪುಸ್ತಕಗಳಾಗಿ ತರಬೇಕು. ಯರವ, ಕುರುಬ ನುಡಿಗಳ ಕಥೆಗಳನ್ನು ಹೊರತರುವ ಹೊಣೆಯನ್ನು ಸಂಬಂಧಪಟ್ಟ ಇಲಾಖೆ ವಹಿಸಿಕೊಳ್ಳಬೇಕು. ತರುವಾಗ ಸಂಗ್ರಹಕಾರರ ಹೆಸರಿಗಷ್ಟೇ ನಿಲ್ಲದೆ, ಕಥೆ ಹೇಳಿದವರು, ಚಿತ್ರ ಬರೆದವರು, ಅನುವಾದಿಸಿದವರು, ತಿದ್ದಿದವರು ಎಲ್ಲರ ಹೆಸರನ್ನೂ ಒಳಪುಟದ ಸಣ್ಣ ಅಕ್ಷರದಲ್ಲಿ ಮರೆಮಾಡದೆ ಶೀರ್ಷಿಕೆ ಪುಟದಲ್ಲೇ ಅಚ್ಚು ಮಾಡಬೇಕು, ಕಥೆ ಹೇಳಿದವರಿಗೆ ಗೌರವಧನವನ್ನೂ ಕೊಡಬೇಕು. ತಮ್ಮ ಪತ್ರಿಕೆಯು ಏಪ್ರಿಲ್ 2ರ ಅಂತಾರಾಷ್ಟ್ರೀಯ ಮಕ್ಕಳ ಪುಸ್ತಕ ದಿನದ ಹೊತ್ತಿಗೆ ಈ ಮಹಿಳೆಯರನ್ನು ಕುರಿತು ಒಂದು ಲೇಖನಮಾಲೆಯನ್ನು ಪ್ರಕಟಿಸಬೇಕೆಂದೂ, ಅದರಲ್ಲಿ ಕನ್ನಡದ ಪ್ರಕಾಶಕಿಯರಿಗೂ ಸಂಪಾದಕಿಯರಿಗೂ ಮೊದಲ ಸ್ಥಾನ ಕೊಡಬೇಕೆಂದೂ ಕೋರುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ,
ವಿರಾಜಪೇಟೆ, ಕೊಡಗು ಜಿಲ್ಲೆ