ಬಂಗಲೆಗೂ ಬಂಗಾರಕ್ಕೂ ನಂಟಿಲ್ಲ

ಮಾನ್ಯರೇ,

ಕೆ.ಜಿ.ಎಫ್.ನ ಹಳೆಯ ಕಟ್ಟಡಗಳನ್ನು ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನದಲ್ಲಿ, ಬಂಗಾರದ ಗಣಿಯ ಸಾಹೇಬರು ವಾಸವಿದ್ದುದರಿಂದ ಆ ಮನೆಗಳಿಗೆ ‘ಬಂಗಲೆ’ ಎಂಬ ಹೆಸರು ಬಂತೆಂದು ಬರೆಯಲಾಗಿದೆ. ನಾನೂ ಚಿಕ್ಕಂದಿನಲ್ಲಿ ಹಾಗೆಯೇ ಕೇಳಿ ನಂಬಿದ್ದವನು. ಆದರೆ ಬಾಯಿಮಾತು ಅಚ್ಚಾದ ಮೇಲೆ ಆಧಾರವಾಗಿಬಿಡುತ್ತದೆ ಎಂಬ ಕಾರಣಕ್ಕೆ ಈ ಪತ್ರ.

ಬಂಗಲೆ ಎಂದರೆ ಬಂಗಾಳದ್ದು ಎಂದಷ್ಟೇ ಅರ್ಥ. ಬಿದಿರು, ಹುಲ್ಲುಗಳಿಂದ ಕಟ್ಟಿ, ಮಳೆಯ ನೀರು ನಿಲ್ಲದೆ ಜಾರಿಹೋಗಲೆಂದು ಸೂರನ್ನು ಬಾಗಿಸಿ ಕೆಳಕ್ಕೆ ಇಳಿಬಿಟ್ಟ ಅಲ್ಲಿನ ತಗ್ಗು ಮನೆಯ ಮಾದರಿಗೆ ಹಿಂದೂಸ್ತಾನಿಯಲ್ಲಿ ‘ಬಂಗ್ಲಾ’ ಎಂಬ ಹೆಸರಾಯಿತು. 17ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಹೂಗ್ಲಿಯಲ್ಲಿ ತಮ್ಮ ಹಡಗುಗಳ ಆಳುಗಳಿಗೆ ಹಾಕಿಸಲು ಹೊರಟ ಗುಡಿಸಲುಗಳನ್ನು ಇದೇ ಹೆಸರಿನಿಂದ ದಾಖಲಿಸಿದ್ದಾರೆ. ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ನಿಘಂಟು 1886ರಲ್ಲಿ ಅಚ್ಚಾಗುವ ಹೊತ್ತಿಗೆ ಅದು ಒಳನಾಡಿನಲ್ಲಿದ್ದ ಐರೋಪ್ಯರ ಮನೆಯಾಗಿತ್ತು. ಆಗಲೂ ಅದಕ್ಕೆ ಮಹಡಿಯಿರಲಿಲ್ಲ.

ಕನ್ನಡಕ್ಕೆ ಬಂದ ಬಗೆಯಂತೂ ಸರಳವಾಗಿದೆ. ಜಿಲ್ಲಾ ಜಿಲ್ಲೆಯಾದಂತೆ, ಖಜಾನಾ ಖಜಾನೆಯಾದಂತೆ, ದರ್ಜಾ ದರ್ಜೆಯಾದಂತೆ, ಬಂಗ್ಲಾ ಬಂಗಲೆಯಾಯಿತು. ಬಂಗಾರದಿಂದಲೇ ಹುಟ್ಟಿದ ಪದವಾಗಿದ್ದರೆ, ಗಣಿಯ ಹೆಸರನ್ನೇ ಕೇಳದ ಊರುಗಳಲ್ಲಿ ಮುಸಾಫರಿ ಬಂಗಲೆಗಳು ಹೇಗೆ ಬಂದವು?

ತಪ್ಪು ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರು ಹೊತ್ತಿದ್ದ ಬೌರಿಂಗ್‌ಪೇಟೆಯನ್ನೇ ಬಂಗಾರಪೇಟೆ ಎಂದು ಕರೆಯುವ ಸೀಮೆ ನಮ್ಮದು. ಗಣಿ ಪಕ್ಕದಲ್ಲಿರುವಾಗ ಕಿವಿಗೆ ಬಿದ್ದದ್ದೆಲ್ಲ ಬಂಗಾರವಾಗಿಯೇ ಕೇಳಿಸುತ್ತದೆ.

ಅದೇ ಪುರವಣಿಯ ಚಿತ್ರವೊಂದರ ಕೆಳಗಿದ್ದ ‘ಮೂರಂತಸ್ತಿನ ಬಂಗಲೆ’ ಎಂಬ ಪ್ರಯೋಗಕ್ಕೆ ನನ್ನ ತಕರಾರಿಲ್ಲ. ಕನ್ನಡದಲ್ಲಿ ಬಂಗಲೆ ಸಿರಿವಂತರ ದೊಡ್ಡ ಮನೆಯಾಗಿ ಎಷ್ಟೋ ಕಾಲವಾಯಿತು, ಅದನ್ನು ಮತ್ತೆ ಗುಡಿಸಲಿಗೆ ಇಳಿಸುವುದು ಯಾರಿಂದಲೂ ಆಗದ ಕೆಲಸ. ಆದರೆ ಇಂಗ್ಲೆಂಡಿನಲ್ಲಿ ಆ ಪದಕ್ಕೆ ಇಂದಿಗೂ ತಗ್ಗು ಮನೆಯೆಂಬ ಅರ್ಥವೇ ಉಳಿದಿದೆ. ಮೆಟ್ಟಿಲು ಹತ್ತಲಾರದ ವಯಸ್ಸಾದವರು ಅಂಥ ಮನೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಆದ್ದರಿಂದ ನಿಮ್ಮ ಪತ್ರಿಕೆಯಲ್ಲಿ ಬಂದ, ಅಲ್ಲಿನ ನಿವೃತ್ತ ದಂಪತಿಯ ಕುರಿತ ಸುದ್ದಿಯನ್ನು ಅನುವಾದಿಸುವಾಗ ಅವರನ್ನು ‘ಭವ್ಯ ಬಂಗಲೆ’ಯಲ್ಲಿ ಕೂರಿಸಬೇಕಾಗಿರಲಿಲ್ಲ. ಮಹಡಿಯಿಲ್ಲದ ಮನೆ ಎಂದಿದ್ದರೆ ಸಾಕಿತ್ತು.

– ಓರ್ವ ಓದುಗ, ಬಂಗಾರಪೇಟೆ, ಕೋಲಾರ ಜಿಲ್ಲೆ