ಅಲಿಝೆ ಕಿಟ್: ಮುದುಡಿದ ಕ್ಯಾನೊಪಿ, ಅಂಟಿಹೋದ ಡೆಕಾಲ್, ಎರಡೇ ಸೀಟು

ಗೆ,
ದೂರು ವಿಭಾಗದ ಅಧಿಕಾರಿಗಳು,
ಮಾಡೆಲ್ ಕಿಟ್ ಮಾರುವ ಆನ್‌ಲೈನ್ ಅಂಗಡಿ,
ಬೆಂಗಳೂರು

ಮಾನ್ಯರೇ,

ನಿಮ್ಮಿಂದ ತರಿಸಿದ 1/72 ಅಳತೆಯ (ನಿಜದ್ದರ 72ನೇ ಒಂದು ಭಾಗ) ಕಿಟ್ ಬಗ್ಗೆ ಈ ದೂರು. ನೌಕಾಪಡೆಯ ಹಳೆಯ ಬ್ರೆಗೆ ಅಲಿಝೆ ವಿಮಾನದ, ಭಾಗಗಳನ್ನು ಅಂಟಿಸಿ ಕಟ್ಟುವ ಮಾದರಿ ಅದು. ಬಿಲ್ಲು, ಫೋಟೋ ಜೊತೆಗಿವೆ. ಫೋನ್ ಮಾಡಿದಾಗ ನಿಮ್ಮವರು ಹೇಳಿದ್ದು ಇಷ್ಟೇ: "ಸರ್, ಇದು ಶಾರ್ಟ್ ರನ್ ಕಿಟ್, ಇದರಲ್ಲಿ ಹೀಗೆಲ್ಲಾ ಇರೋದೇ." ಮೊದಲು ಆ ಮಾತಿಗೇ ಉತ್ತರ ಕೊಡುತ್ತೇನೆ.

ಶಾರ್ಟ್ ರನ್ ಅಂದರೆ ಏನು ಅಂತ ಗೊತ್ತಿದ್ದೇ ದುಡ್ಡು ಕೊಟ್ಟಿದ್ದು. ಅಚ್ಚು ಅಗ್ಗದ್ದು, ಪ್ಲಾಸ್ಟಿಕ್ ತುಂಬುವ ಒತ್ತಡ ಕಡಿಮೆ, ತೆಗೆಯುವ ಪ್ರತಿಗಳೂ ಕಡಿಮೆ. ಹಾಗಾಗಿ ಅಂಚಿಗೆಲ್ಲಾ ಫ್ಲ್ಯಾಶ್, ಅಂದರೆ ಅಚ್ಚಿನಿಂದ ಹೊರಗೆ ಚಾಚಿದ ತೆಳು ಪ್ಲಾಸ್ಟಿಕ್, ಇರುತ್ತದೆ; ಭಾಗಗಳನ್ನು ಹಿಡಿದಿಡುವ ಸ್ಪ್ರೂ ಚೌಕಟ್ಟಿಗೆ ಅಂಟಿದ ಜಾಗ ದಪ್ಪ ಇರುತ್ತದೆ. ವಿಮಾನದ ಒಡಲಿನ ಎರಡು ಅರ್ಧ ಕೂಡಿಸಲು ಪಿನ್ನೂ ಇಲ್ಲ, ತೂತೂ ಇಲ್ಲ. ಒಳಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಪುಟ್ಟಿ ಮೆತ್ತಿ, ನೀರು ಹಾಕಿ ಉಜ್ಜಿ ಸರಿ ಮಾಡಿಕೊಳ್ಳುವುದು ಕಟ್ಟುವವರ ಕೆಲಸ. ಈ ಕಿಟ್ಟಿನ ಬಲ ರೆಕ್ಕೆಯ ಹಿಂದಿನ ಅಂಚು ಅಕ್ಕಿರೊಟ್ಟಿಯಷ್ಟು ದಪ್ಪವಿದೆ. ಅದಕ್ಕೂ ನನ್ನ ತಕರಾರಿಲ್ಲ, ಉಜ್ಜುತ್ತಾ ಕೂತಿದ್ದೇನೆ.

ತಕರಾರು ಇರುವುದು ನಿಮ್ಮ ಕೈಯಲ್ಲಿ ಹಾಳಾದದ್ದಕ್ಕೆ.

ಕ್ಯಾನೊಪಿ, ಅಂದರೆ ಸೀಟುಗಳ ಮೇಲಿನ ಪಾರದರ್ಶಕ ಮುಚ್ಚಳ, ನೋಡಿ. ಅದು ವ್ಯಾಕ್ಯೂಫಾರ್ಮ್, ತೆಳು ಹಾಳೆಯನ್ನು ಬಿಸಿ ಮಾಡಿ ಅಚ್ಚಿನ ಮೇಲೆ ಎಳೆದು ಕೂರಿಸಿದ್ದು. ಡಬ್ಬಿಯೊಳಗೆ ಸುಮ್ನೆ ಬಿದ್ದಿತ್ತು, ಅದರ ಮೇಲೆ ರೆಸಿನ್ ಭಾಗಗಳ ಪ್ಯಾಕೆಟ್. ನೆತ್ತಿ ಕುಸಿದು, ಮುಂದಿನ ಗಾಜಿನಿಂದ ಹಿಂದಿನ ತುದಿಯವರೆಗೆ ಬಿಳಿ ಗೆರೆ ಬಿದ್ದಿದೆ. ಗೀರಾಗಿದ್ದರೆ ಪಾಲಿಶ್ ಮಾಡಿ ಹೋಗಲಾಡಿಸಬಹುದಿತ್ತು. ಇದು ಮಡಿಚಿ ಒಳಗೇ ಬೆಳ್ಳಗಾದ ಗೆರೆ, ಎಷ್ಟು ಉಜ್ಜಿದರೂ ಹೋಗಲ್ಲ.

ವಿಮಾನದ ಗುರುತುಗಳನ್ನು ನೀರಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಯದು ಇನ್ನೂ ಬೇಸರದ ಕತೆ. ಆಷಾಢದಲ್ಲಿ ಕಾರವಾರಕ್ಕೆ ಪಾರ್ಸೆಲ್ ಕಳಿಸುವವರು ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಬೇಡವೇ? ರಟ್ಟಿನ ಡಬ್ಬಿಯ ಮೂಲೆ ಮೆತ್ತಗಾಗಿತ್ತು. ಮೇಲಿದ್ದ ತೆಳು ಕಾಗದ ಡೆಕಾಲ್‌ಗೇ ಅಂಟಿಕೊಂಡಿದೆ. ಎಳೆದರೆ ತ್ರಿವರ್ಣ ವೃತ್ತದ ಕೇಸರಿ ಬಣ್ಣ ಕಾಗದದ ಜೊತೆ ಬರುತ್ತದೆ. ಹಳದಿಯಾಗಿದ್ದರೆ ಕಿಟಕಿ ಗಾಜಿಗೆ ಅಂಟಿಸಿ ಬಿಸಿಲಿಗೆ ಇಡಬಹುದಿತ್ತು (ಈಗ ಇಲ್ಲಿ ಬಿಸಿಲೆಲ್ಲಿದೆ ಅನ್ನುವುದು ಬೇರೆ ಮಾತು). ಅಂಟಿಹೋದದ್ದಕ್ಕೆ ಮದ್ದಿಲ್ಲ.

ಮೂರನೆಯದು, ಸೀಟು. ಅಲಿಝೆಯಲ್ಲಿ ಹಾರುವವರು ಮೂವರು. ಸೂಚನೆ ಹಾಳೆಯಲ್ಲೂ ಮೂರು ಸೀಟಿನ ಚಿತ್ರವಿದೆ. ನನಗೆ ಬಂದದ್ದು ಎರಡು. ರೆಸಿನ್ ಪ್ಯಾಕೆಟ್‌ನ ಬಾಯಿ ಕತ್ತರಿಸಿ ಪಿನ್ ಹೊಡೆದಿದ್ದಾರೆ. ಅದೇ ತಾಮ್ರದ ಬಣ್ಣದ ಪಿನ್ ನಿಮ್ಮ ಬಿಲ್ಲಿಗೂ ಇದೆ. ಹೆಚ್ಚು ಹೇಳುವುದಿಲ್ಲ.

ಬೇರೆ ವಿಮಾನವಾಗಿದ್ದರೆ ಇಷ್ಟು ಬೆನ್ನು ಹತ್ತುತ್ತಿರಲಿಲ್ಲವೇನೋ. ನಮ್ಮ ಮಾವ ಹಳೆಯ ವಿಕ್ರಾಂತ್ ಹಡಗಿನಲ್ಲಿದ್ದವರು. 1971ರ ಯುದ್ಧದಲ್ಲಿ ಸೀ ಹಾಕ್ ಯುದ್ಧವಿಮಾನಗಳ ಜೊತೆ ಅಲಿಝೆಗಳೂ ಅದರ ಡೆಕ್‌ನಿಂದಲೇ ಹಾರಿದ್ದವು. ನೆಲದ ಮೇಲೆ ಅವುಗಳ ಠಾಣೆ ಗೋವಾದ ದಾಬೋಳಿಯಾಗಿತ್ತು, ಅದು ನಮ್ಮಿಂದ ಕಾಳಿ ನದಿ ದಾಟಿ ಉತ್ತರಕ್ಕೆ ಹೋದರೆ ಸಿಗುತ್ತದೆ. ನಮ್ಮ ಬೀಚಿನ ಮ್ಯೂಸಿಯಂನಲ್ಲಿ ನೌಕಾಪಡೆಯ ಟುಪೊಲೆವ್ ವಿಮಾನ ನಿಂತಿದೆ, ಅದನ್ನು ನೋಡಿ ಬಂದಾಗಲೆಲ್ಲಾ ಮಾವ ಅಲಿಝೆ ಮಾತೇ ತೆಗೆಯುತ್ತಾರೆ. ನೌಕಾಪಡೆಯ ಗುರುತಿಲ್ಲದ ಅಲಿಝೆಯನ್ನು ಅವರ ಮುಂದೆ ಹೇಗೆ ಇಡಲಿ?

"ಡಬ್ಬಿ ತೆರೆದ ಮೇಲೆ ವಾಪಸ್ ಇಲ್ಲ" ಅಂತಲೂ ನಿಮ್ಮವರು ಹೇಳಿದರು. ತೆರೆಯದೆ ಒಳಗಿನದು ಒಡೆದಿದೆ ಅಂತ ಗೊತ್ತಾಗುವುದು ಹೇಗೆ ಸ್ವಾಮಿ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ದೂರು ಬಂತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ನನಗೆ ಪೂರ್ತಿ ಹೊಸ ಕಿಟ್ ಬೇಡ. ಕ್ಯಾನೊಪಿ, ಡೆಕಾಲ್ ಹಾಳೆ, ಒಂದು ಸೀಟು ಕಳಿಸಿ. ತಯಾರಕರಿಂದ ತರಿಸಲು ತಡವಾಗುತ್ತದೆ ಅಂದರೆ ಹಾಗಂತ ಬರೆದು ತಿಳಿಸಿ, ಕಾಯುತ್ತೇನೆ. ಆಗುವುದೇ ಇಲ್ಲ ಅಂದರೆ ಕಿಟ್ ವಾಪಸ್ ಪಡೆದು ಪೂರ್ತಿ ಹಣ ಕೊಡಿ, ಕೊರಿಯರ್ ಖರ್ಚು ನಿಮ್ಮದೇ.

ಎರಡೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಾನಿರುವ ಊರಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಬರಬೇಕಿಲ್ಲ. ಆಯೋಗ ಇರುವುದು ಕಾರವಾರದಲ್ಲೇ. 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ.

ಕ್ಯಾನೊಪಿ ಕಳಿಸುವಾಗ ದಯವಿಟ್ಟು ಗಟ್ಟಿ ಡಬ್ಬಿಯಲ್ಲಿ, ಸುತ್ತ ಹತ್ತಿ ಇಟ್ಟು ಕಳಿಸಿ. ಡೆಕಾಲ್ ಅನ್ನು ಜಿಪ್ ಕವರ್‌ನಲ್ಲಿ ಹಾಕಿ. ಇಲ್ಲಿ ಮಳೆ ಇನ್ನೂ ಜಾಸ್ತಿಯೇ ಇದೆ.

ಇಂತಿ,
ನಿಮ್ಮ ಗ್ರಾಹಕ,
ಕೋಡಿಬಾಗ, ಕಾರವಾರ