ಸೂಪರ್‌ಕಂಪ್ಯೂಟರ್ ಬಂತು, ಅದನ್ನು ದುಡಿಸುವವರ ಹುದ್ದೆ ಎಲ್ಲಿ?

ಮಾನ್ಯರೇ,

ಹವಾಮಾನ ಸಂಶೋಧನೆಯ ಸುದ್ದಿ ಬಂದಾಗಲೆಲ್ಲ ತಲೆಬರಹಕ್ಕೆ ಏರುವುದು ಯಂತ್ರ. 2018ರಲ್ಲಿ ಪುಣೆಗೆ 4 ಪೆಟಾಫ್ಲಾಪ್‌ನ (ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ) ‘ಪ್ರತ್ಯೂಷ್’, ನೊಯ್ಡಾಕ್ಕೆ 2.8 ಪೆಟಾಫ್ಲಾಪ್‌ನ ‘ಮಿಹಿರ್’ ಬಂದವು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್‌ನ ‘ಪರಮ್ ಪ್ರವೇಗ’ ಬಂತು. 2024ರ ಸೆಪ್ಟೆಂಬರಿನಲ್ಲಿ ‘ಅರ್ಕ’, ‘ಅರುಣಿಕ’. 2025ರ ಮೇನಲ್ಲಿ, ಭೂಮಿಯನ್ನು 6 ಕಿ.ಮೀ. ಚೌಕಗಳಾಗಿ ಕತ್ತರಿಸಿ ಹವೆಯ ಲೆಕ್ಕ ಹಾಕುವ ಭಾರತ್ ಫೋರ್‌ಕಾಸ್ಟ್ ಸಿಸ್ಟಂ. ಎಲ್ಲವೂ ಬೇಕಾದದ್ದೇ. ಆದರೆ ಇಂಥ ಯಂತ್ರಗಳ ಮೇಲೆ ಓಡುವ ಕೋಡ್ ಬರೆದು, ತಿದ್ದಿ, ಅದು ಕೊಡುವ ಸಂಖ್ಯೆ ನಂಬಬಹುದಾದದ್ದೇ ಎಂದು ನೋಡುವವರಿಗೆ ವಿಶ್ವವಿದ್ಯಾಲಯಗಳ ಭೂವಿಜ್ಞಾನ, ಹವಾಮಾನ ವಿಭಾಗಗಳಲ್ಲಿ ಕಾಯಂ ಹುದ್ದೆ ಎಂಬುದು ತೀರ ಅಪರೂಪ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವ ಈ ಪದ್ಧತಿಯ ಬಗ್ಗೆ ಈ ಪತ್ರ.

ಈ ಕೆಲಸ ಮಾಡುವ ಗಣಕ ವಿಜ್ಞಾನಿ ಎಂದರೆ ಲ್ಯಾಬಿನ ಕಂಪ್ಯೂಟರ್ ಕೆಟ್ಟಾಗ ಕರೆಯುವ ವ್ಯಕ್ತಿ ಎಂದು ಆಡಳಿತ ವಿಭಾಗದವರು ತಿಳಿದಿರುವುದುಂಟು. ಪ್ರಾಧ್ಯಾಪಕರಲ್ಲೂ ಹಾಗೆ ತಿಳಿದವರು ಇಲ್ಲದಿಲ್ಲ. ಆದ್ದರಿಂದ ಕೆಲಸ ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅದೇ ರಾಜ್ಯದ ಚಳ್ಳಕೆರೆಯಲ್ಲಿ 500ರ ಆಸುಪಾಸು. ಘಟ್ಟದ ಏರು ಕಡಿದು. 25 ಕಿ.ಮೀ. ಚೌಕದ ಮಾಡೆಲ್ (ಹವೆಯ ಲೆಕ್ಕ ಹಾಕುವ ಪ್ರೋಗ್ರಾಮ್) ಆ ಏರನ್ನು ಎರಡು ಮೂರು ಚೌಕಗಳಲ್ಲಿ ಸವರಿ ಇಳಿಜಾರು ಮಾಡಿಬಿಡುತ್ತದೆ, ಮಳೆ ಬೀಳಬೇಕಾದ ಜಾಗ ಬಿಟ್ಟು ಎಲ್ಲೆಲ್ಲೋ ಹರಡುತ್ತದೆ. ಹಾಗಾದರೆ ಚೌಕವನ್ನು ಚಿಕ್ಕದು ಮಾಡಿ ಎನ್ನುವುದು ಸುಲಭ. 9 ಕಿ.ಮೀ.ನಿಂದ 3 ಕಿ.ಮೀ.ಗೆ ಇಳಿದರೆ ಉದ್ದಕ್ಕೆ ಮೂರು ಪಟ್ಟು, ಅಗಲಕ್ಕೆ ಮೂರು ಪಟ್ಟು ಚೌಕಗಳಾಗುತ್ತವೆ. ಗಾಳಿ ಒಂದೇ ಹೆಜ್ಜೆಗೆ ಚೌಕ ದಾಟಿ ಹಾರಿ ಲೆಕ್ಕ ಕೆಡದಂತೆ ಕಾಲದ ಹೆಜ್ಜೆಯನ್ನೂ (ಮಾಡೆಲ್ ಒಂದೊಂದು ಸಲಕ್ಕೆ ಮುಂದೆ ಸಾಗುವ ಸಮಯ) ಮೂರರಲ್ಲಿ ಒಂದಕ್ಕೆ ಇಳಿಸಬೇಕು. ಒಟ್ಟು 27 ಪಟ್ಟು ಕೆಲಸ. ವಿಶ್ವವಿದ್ಯಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಡಬ್ಲ್ಯುಆರ್‌ಎಫ್ ಮಾಡೆಲ್‌ಗೆ ವಾಡಿಕೆಯ ಲೆಕ್ಕ, ಚೌಕದ ಒಂದೊಂದು ಕಿಲೋಮೀಟರಿಗೆ 6 ಸೆಕೆಂಡಿನ ಹೆಜ್ಜೆ. 9 ಕಿ.ಮೀ.ಗೆ 54 ಸೆಕೆಂಡ್, ಅಂದರೆ ಒಂದು ದಿನದ ಮಳೆಗೆ 1,600 ಹೆಜ್ಜೆ, 3 ಕಿ.ಮೀ.ಗೆ 18 ಸೆಕೆಂಡ್, 4,800 ಹೆಜ್ಜೆ.

ಪಶ್ಚಿಮ ಘಟ್ಟದ ಮೇಲೆ ಈ ವಾಡಿಕೆಯೂ ಕೈಕೊಡುತ್ತದೆ. ಕಡಿದಾದ ಏರಿನಲ್ಲಿ ಮೇಲ್ಮುಖ ಗಾಳಿ ಬಲವಾದಾಗ ಮಾಡೆಲ್ ನಡುವಿನಲ್ಲೇ ಸಾಯುತ್ತದೆ. ಪ್ರತಿ ಪ್ರೊಸೆಸರ್ ಬರೆಯುವ ಲಾಗ್ ಕಡತಗಳಲ್ಲಿ ‘ಸಿಎಫ್‌ಎಲ್’ (ಗಾಳಿ ಒಂದೇ ಹೆಜ್ಜೆಗೆ ಚೌಕ ದಾಟಿತೆಂಬ ಎಚ್ಚರಿಕೆ) ಎಂಬ ಪದ ಹುಡುಕಿದರೆ ಯಾವ ಚೌಕದಲ್ಲಿ, ಯಾವ ಎತ್ತರದ ಪದರದಲ್ಲಿ ಕೆಟ್ಟಿತೆಂದು ಸಿಗುತ್ತದೆ. ಮೊದಲ ಮದ್ದು ಹೆಜ್ಜೆಯನ್ನು 18ರಿಂದ 12ಕ್ಕೆ ಇಳಿಸುವುದು. ಎರಡನೆಯದು ‘ಎಪ್ಸ್‌ಎಸ್‌ಎಂ’ ಎಂಬ ಅಂಕವನ್ನು 0.1ರಿಂದ 0.3ರ ಸುತ್ತ ಏರಿಸಿ ಶಬ್ದತರಂಗಗಳ ಕುಣಿತವನ್ನು ತಗ್ಗಿಸುವುದು. ಬೆಟ್ಟವನ್ನೇ ಇನ್ನಷ್ಟು ಸವರುವುದು ಕೊನೆಯ ದಾರಿ. ಅದನ್ನು ಮಾಡಿದರೆ ಯಾವ ಘಟ್ಟಕ್ಕಾಗಿ 3 ಕಿ.ಮೀ.ಗೆ ಇಳಿದೆವೋ ಆ ಘಟ್ಟವೇ ತಗ್ಗುತ್ತದೆ. ಲಾಗ್‌ನಲ್ಲಿ ಸಿಎಫ್‌ಎಲ್ ಸುಳಿವೇ ಇಲ್ಲದೆ ಮೊದಲ ಹೆಜ್ಜೆಯಲ್ಲೇ ‘ಸೆಗ್‌ಮೆಂಟೇಶನ್ ಫಾಲ್ಟ್’ ಎಂದು ಬಿದ್ದರೆ ದೋಷ ಗಾಳಿಯದಲ್ಲ, ಎಷ್ಟೋ ಸಲ ಯಂತ್ರದ ಸ್ಟ್ಯಾಕ್ (ಪ್ರೋಗ್ರಾಮಿನ ತಾತ್ಕಾಲಿಕ ಮೆಮೊರಿ) ಮಿತಿಯದು. ಆ ಮಿತಿ ತೆಗೆಯಲು ಒಂದು ಸಾಲಿನ ಆದೇಶ ಸಾಕು. ಗೊತ್ತಿಲ್ಲದ ವಿದ್ಯಾರ್ಥಿ ಅದರ ಹಿಂದೆ ವಾರಗಟ್ಟಲೆ ಅಲೆಯುತ್ತಾನೆ.

ಇನ್ನು ಪ್ರೊಸೆಸರ್ ಹೆಚ್ಚಿದಷ್ಟೂ ವೇಗ ಹೆಚ್ಚು ಎಂಬ ನಂಬಿಕೆ. 300×300 ಚೌಕಗಳ ಪ್ರದೇಶವನ್ನು 144 ಪ್ರೊಸೆಸರುಗಳಿಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ 25×25. 900ಕ್ಕೆ ಹಂಚಿದರೆ 10×10. ಆಗ ಲೆಕ್ಕಕ್ಕಿಂತ ಅಂಚಿನ ಸಂಖ್ಯೆಗಳನ್ನು ಪಕ್ಕದವರಿಗೆ ದಾಟಿಸುವುದರಲ್ಲೇ ಸಮಯ ಹೋಗುತ್ತದೆ. ಅದೇ ಪ್ರದೇಶಕ್ಕೆ 50 ಪದರ ಇಟ್ಟು, 20 ಬಗೆಯ ಸಂಖ್ಯೆಗಳನ್ನು ಗಂಟೆಗೊಮ್ಮೆ ಬರೆಸಿದರೆ ಒಂದೊಂದು ಗಂಟೆಗೆ 360 ಎಂಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಮುಂಗಾರಿಗೆ 1 ಟೆರಾಬೈಟ್ ದಾಟುತ್ತದೆ. ಏನನ್ನು ಬರೆಸಬೇಕು, ಏನನ್ನು ಬಿಡಬೇಕು ಎಂದು ಓಡಿಸುವ ಮೊದಲೇ ತೀರ್ಮಾನಿಸದಿದ್ದರೆ ಡಿಸ್ಕ್ ತುಂಬಿ ಆಗಸ್ಟ್‌ನಲ್ಲಿ ಮಳೆ ನಿಲ್ಲುತ್ತದೆ.

ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಮಾಡೆಲ್ ಬಿದ್ದರೆ ಬಿದ್ದಿತೆಂದು ಗೊತ್ತಾಗುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದು ಹೆಚ್ಚು ಅಪಾಯದ್ದು.

ಹವಾಮಾನ ಇಲಾಖೆಯ ಕಾಲು ಡಿಗ್ರಿ ಚೌಕದ ದೈನಂದಿನ ಮಳೆ ದಾಖಲೆ 1901ರಿಂದ ಸಿಗುತ್ತದೆ. ದೇಶಕ್ಕೆ ದೊಡ್ಡ ಆಸ್ತಿ ಅದು. ಅದರಲ್ಲಿ 135×129 ಚೌಕಗಳು, ಒಂದೊಂದು ಸಂಖ್ಯೆಗೆ 4 ಬೈಟ್, ವರ್ಷಕ್ಕೊಂದು ಕಡತ. ಗುಣಿಸಿ ನೋಡಿ: ಸಾಮಾನ್ಯ ವರ್ಷದ ಕಡತ 2,54,25,900 ಬೈಟ್ ಇರಲೇಬೇಕು, ಅಧಿಕ ವರ್ಷದ್ದು 2,54,95,560. ಕಡತ ತೆರೆಯುವ ಮೊದಲು ಈ ಗಾತ್ರ ನೋಡಿದರೆ ಅರ್ಧಕ್ಕೆ ನಿಂತ ಡೌನ್‌ಲೋಡ್ ಸಿಕ್ಕಿಬೀಳುತ್ತದೆ. ಸಮುದ್ರ ಮತ್ತು ಹೊರದೇಶದ ಚೌಕಗಳಲ್ಲಿ -999 ಎಂದಿರುತ್ತದೆ. ‘ಮಾಹಿತಿ ಇಲ್ಲ’ ಎಂದು ಅದರ ಅರ್ಥ. ಅದನ್ನು ಬದಿಗಿಡದೆ ಸರಾಸರಿ ತೆಗೆದರೆ ಐದರಲ್ಲಿ ಒಂದು ಚೌಕ ಹಾಗಿದ್ದಾಗ ಉತ್ತರ ಋಣಾತ್ಮಕವಾಗಿ ಬರುತ್ತದೆ, ಯಾರಾದರೂ ಹಿಡಿಯುತ್ತಾರೆ. ಸಾವಿರಕ್ಕೆ ಒಂದೇ ಒಂದು ನುಸುಳಿದರೆ ದಿನದ ಸರಾಸರಿ ಸುಮಾರು 1 ಮಿ.ಮೀ. ಇಳಿಯುತ್ತದೆ. ಅದನ್ನು ಕಣ್ಣು ಹಿಡಿಯುವುದಿಲ್ಲ. ಪ್ರಬಂಧದಲ್ಲಿ ‘ಮಳೆ ಕುಸಿತ’ ಎಂದು ಅಚ್ಚಾಗಬಹುದು.

ದಿನ ಯಾವಾಗ ಶುರುವಾಗುತ್ತದೆ ಎಂಬುದೂ ಹಾಗೆಯೇ. ಇಲಾಖೆಯ ಪ್ರಕಾರ ಆಗಸ್ಟ್ 15ರ ಮಳೆ ಎಂದರೆ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ದತ್ತಾಂಶ (ವೀಕ್ಷಣೆಗಳನ್ನು ಮಾಡೆಲ್‌ಗೆ ಬೆಸೆದು ಮರುಕಟ್ಟಿದ ಹವೆಯ ದಾಖಲೆ) ಗಂಟೆಗೊಂದು, ಸಮಯ ಯುಟಿಸಿಯಲ್ಲಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ), ಮಳೆ ಮೀಟರಿನಲ್ಲಿ. ಎರಡನ್ನೂ ಹೋಲಿಸಬೇಕಾದರೆ 14ರ ಯುಟಿಸಿ 4 ಗಂಟೆಯಿಂದ 15ರ 3 ಗಂಟೆಯವರೆಗೆ ಗುರುತಾದ 24 ಸಂಖ್ಯೆಗಳನ್ನು (ಒಂದೊಂದೂ ಅದರ ಹಿಂದಿನ ಒಂದು ಗಂಟೆಯ ಮಳೆ) ಕೂಡಿ 1,000ದಿಂದ ಗುಣಿಸಬೇಕು. ಸುಮ್ಮನೆ ತಾರೀಖಿಗೆ ತಾರೀಖು ಜೋಡಿಸಿದರೆ? ಬೆಂಗಳೂರಿನ ಏಪ್ರಿಲ್-ಮೇ ಗುಡುಗುಮಳೆ ಹೆಚ್ಚಾಗಿ ಸಂಜೆಯದು. ಇಲಾಖೆಯಲ್ಲಿ ಅದು ಮರುದಿನದ ಲೆಕ್ಕಕ್ಕೆ ಹೋಗುತ್ತದೆ, ಇಆರ್‌ಎ5ರಲ್ಲಿ ಅದೇ ದಿನಕ್ಕೆ. ಮಾಡೆಲ್ ಒಂದು ದಿನ ಮುಂಚೆಯೇ ಮಳೆ ಸುರಿಸುತ್ತದೆ ಎಂದು ವಿದ್ಯಾರ್ಥಿ ಬರೆಯುತ್ತಾನೆ. ಪಾಪ, ಮಾಡೆಲ್‌ನದೇನೂ ತಪ್ಪಿಲ್ಲ. ಭವಿಷ್ಯದ ಹವಾಮಾನದ ಮಾಡೆಲ್‌ಗಳಲ್ಲಿ ಪಂಚಾಂಗವೇ ಬೇರೆ. ಕೆಲವಕ್ಕೆ ಅಧಿಕ ವರ್ಷವಿಲ್ಲ. ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಮಾಡೆಲ್‌ಗಳಲ್ಲಿ ಎಲ್ಲ ತಿಂಗಳಿಗೂ 30 ದಿನ, ಫೆಬ್ರುವರಿ 30 ಕೂಡ ಇದೆ!

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅಂಕಿಗಳ ನಿಖರತೆಯದು. 4 ಬೈಟಿನ ಸಂಖ್ಯೆ ಸುಮಾರು ಏಳು ಅಂಕೆಗಳನ್ನು ಮಾತ್ರ ಹಿಡಿದಿಡುತ್ತದೆ. ಡಬ್ಲ್ಯುಆರ್‌ಎಫ್ ಮಳೆಯನ್ನು ಆರಂಭದಿಂದ ಕೂಡುತ್ತಲೇ ಹೋಗುತ್ತದೆ. ಆಗುಂಬೆಯ ಚೌಕದಲ್ಲಿ ಮೊತ್ತ 7,000 ಮಿ.ಮೀ. ಆದಾಗ ಆ ಸಂಖ್ಯೆ ಏರಬಲ್ಲ ಅತಿ ಸಣ್ಣ ಮೆಟ್ಟಿಲು ಹೆಚ್ಚುಕಡಿಮೆ 0.0005 ಮಿ.ಮೀ. 18 ಸೆಕೆಂಡಿನ ಹೆಜ್ಜೆಯಲ್ಲಿ 0.0002 ಮಿ.ಮೀ. ತುಂತುರು ಬಿದ್ದರೆ ಕೂಡಿದರೂ ಮೊತ್ತ ಅಲ್ಲಾಡುವುದಿಲ್ಲ. ತುಂತುರು ಇಡೀ ದಿನ ಬಿದ್ದರೂ ಅಷ್ಟೇ. ಇದಕ್ಕೆ ಮಾಡೆಲ್‌ನಲ್ಲಿ ‘ಬಕೆಟ್_ಎಂಎಂ’ ಎಂಬ ಸೌಲಭ್ಯವಿದೆ. ಅದನ್ನು 100 ಎಂದು ಇಟ್ಟರೆ ಪ್ರತಿ 100 ಮಿ.ಮೀ.ಗೆ ಬಕೆಟ್ ಖಾಲಿಯಾಗಿ ಎಣಿಕೆ ಒಂದು ಏರುತ್ತದೆ. ಆದರೆ ಆಮೇಲೆ ಲೆಕ್ಕ ಮಾಡುವಾಗ ಎಣಿಕೆಯನ್ನು 100ರಿಂದ ಗುಣಿಸಿ ಉಳಿದ ಮಳೆಗೆ ಸೇರಿಸಬೇಕು. ಮೋಡದ ಸೂಕ್ಷ್ಮ ಪ್ರಕ್ರಿಯೆಯ ಮಳೆಗೆ ಒಂದು ಬಕೆಟ್, ಬಿಸಿ ಗಾಳಿ ಮೇಲೇರಿ ಸುರಿಯುವ (ಸಂವಹನ) ಮಳೆಗೆ ಇನ್ನೊಂದು, ಎರಡನ್ನೂ ಕೂಡಬೇಕು. ಬಕೆಟ್ ಇಟ್ಟು ಎಣಿಕೆ ಮರೆತವರ ನಕ್ಷೆಯಲ್ಲಿ ಮಲೆನಾಡಿನ ಮಳೆ, ಎರಡೂ ಬಕೆಟ್ ಸೇರಿದರೂ, 200 ಮಿ.ಮೀ. ದಾಟುವುದೇ ಇಲ್ಲ.

ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಬದಲಾದರೆ, ಪ್ರೊಸೆಸರ್ ಸಂಖ್ಯೆ ಬದಲಾದರೆ ಕೂಡುವ ಕ್ರಮ ಬದಲಾಗಿ ಕೊನೆಯ ಅಂಕೆ ಬೇರೆ ಬರಬಹುದು. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 0.506127ರ ಬದಲು 0.506 ಎಂದು ಟೈಪ್ ಮಾಡಿ ಕಂಡದ್ದು ಇದನ್ನೇ: ಸಣ್ಣ ವ್ಯತ್ಯಾಸ ಬೆಳೆದು ಹವೆಯೇ ಬೇರೆಯಾಗುತ್ತದೆ. ಹಾಗಾಗಿ ಹೊಸ ಯಂತ್ರಕ್ಕೆ ಕೋಡ್ ಸಾಗಿಸಿದಾಗ ಎರಡು ಉತ್ತರಗಳು ಹೊಂದುತ್ತವೆಯೇ ಎಂದು ನೋಡಿದರೆ ಸಾಲದು. ಹಳೆ ಯಂತ್ರದಲ್ಲೇ ಆರಂಭದ ಉಷ್ಣತೆಯನ್ನು ದಶಾಂಶದ ಹದಿನಾಲ್ಕನೇ ಸ್ಥಾನದಲ್ಲಿ ಅಲುಗಿಸಿ ಹತ್ತಾರು ಸಲ ಓಡಿಸಿ, ಆ ಹರವಿನೊಳಗೆ ಹೊಸ ಉತ್ತರ ಬೀಳುತ್ತದೆಯೇ ನೋಡಬೇಕು. ಅಮೆರಿಕದ ಬೌಲ್ಡರ್‌ನ ವಾತಾವರಣ ಸಂಶೋಧನಾ ಕೇಂದ್ರ ಎನ್‌ಸಿಎಆರ್ ತನ್ನ ಮಾಡೆಲ್‌ಗೆ ಇಂಥ ಪರೀಕ್ಷೆಯನ್ನೇ ಬಳಸುತ್ತದೆ. ಇದಕ್ಕೆ ಸಂಖ್ಯಾಶಾಸ್ತ್ರವೂ ಗೊತ್ತಿರಬೇಕು, ಹವೆಯೂ ಗೊತ್ತಿರಬೇಕು, ಕಂಪೈಲರ್ ಆಯ್ಕೆಗಳೂ ಗೊತ್ತಿರಬೇಕು. ಮೂರೂ ಒಬ್ಬರಲ್ಲಿ ಕೂಡಿಬರಲು ವರ್ಷಗಳು ಹಿಡಿಯುತ್ತವೆ.

ನಮ್ಮ ರಾಜ್ಯಕ್ಕೆ ಇದು ದೂರದ ಮಾತಲ್ಲ. ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಸ್ವಯಂಚಾಲಿತ ಮಾಪಕದ ಕೊಳವೆಯಲ್ಲಿ ಎಲೆ ಸಿಕ್ಕಿಕೊಂಡರೆ ಜಡಿಮಳೆಯಲ್ಲೂ ಸೊನ್ನೆ ಬರುತ್ತದೆ, ಮಳೆ ನಿಂತ ಮೇಲೆ ಗಂಟೆಗಟ್ಟಲೆ ಹನಿ ಹನಿಯಾಗಿ ಲೆಕ್ಕ ಏರುತ್ತದೆ. ನಿಜವಾದ ಸೊನ್ನೆ ಯಾವುದು, ಎಲೆಯ ಸೊನ್ನೆ ಯಾವುದು ಎಂದು ನೆರೆಯ ಮಾಪಕಗಳ ಜತೆ ತಾಳೆ ನೋಡಿ ಬೇರ್ಪಡಿಸುವ ಕೋಡ್ ಬೇಕು, ಅದನ್ನು ಪ್ರತಿ ಮಳೆಗಾಲಕ್ಕೂ ನೋಡಿಕೊಳ್ಳುವವರು ಬೇಕು. ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು ಪಾವಗಡದ ಕಡಲೆಕಾಯಿ ಬೆಳೆಗಾರರ ಜತೆ ಮಾತಾಡಿ, ದಶಕಗಳ ಮಳೆ ದಾಖಲೆಯನ್ನು ಬೆಳೆಯ ಮಾಡೆಲ್‌ಗೆ ಕೊಟ್ಟು ಬಿತ್ತನೆಗೆ ಯಾವ ಅವಧಿ ಹಿತ ಎಂದು ಲೆಕ್ಕ ಹಾಕಿದ್ದರು. ಅಂಥ ಕೆಲಸ ಪ್ರತಿ ತಾಲ್ಲೂಕಿಗೂ ಆಗಬೇಕಾದರೆ ದಾಖಲೆಯ ಒಂದೊಂದು ಸೊನ್ನೆಗೂ ಬೆಲೆಯಿದೆ.

ಈಗ ಈ ಕೆಲಸ ಮಾಡುವವರು ಬಹುಪಾಲು ಸಂಶೋಧನಾ ವಿದ್ಯಾರ್ಥಿಗಳು ಅಥವಾ ಪ್ರಾಜೆಕ್ಟ್ ಅಸೋಸಿಯೇಟ್‌ಗಳು. ಯೋಜನೆ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಅವರು ಹೊರಟ ಮೇಲೆ ಕೋಡ್ ಯಾವುದೋ ಹಾರ್ಡ್‌ಡಿಸ್ಕಿನಲ್ಲಿ ‘ಫೈನಲ್_2_ಹೊಸದು’ ಎಂಬ ಹೆಸರಿನಲ್ಲಿ ಉಳಿಯುತ್ತದೆ. ಮಾಡೆಲ್‌ಗಳ ಫೋರ್ಟ್ರಾನ್ ಭಾಷೆಯ ಸಾಲುಗಳಲ್ಲಿ ಕೆಲವು ದಶಕಗಳಷ್ಟು ಹಳೆಯವು. ಅವುಗಳ ಜತೆ ಬಾಳುವವರ ನೌಕರಿ ಮಾತ್ರ ಎರಡು ಮೂರು ವರ್ಷದ್ದು. ಬ್ರಿಟನ್ನಿನಲ್ಲೂ ಇದೇ ಕಷ್ಟವಿತ್ತು. 2012ರಲ್ಲಿ ಆಕ್ಸ್‌ಫರ್ಡಿನ ಸಭೆಯೊಂದರಲ್ಲಿ ಈ ಕೆಲಸಕ್ಕೆ ‘ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್’ ಎಂದು ಹೆಸರಿಟ್ಟರು. ಹೆಸರು ಸಿಕ್ಕ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆಂದೇ ತಂಡಗಳು, ಬಡ್ತಿಯ ದಾರಿಗಳು ಬಂದವು.

ನಮ್ಮಲ್ಲೂ ಯಂತ್ರಕ್ಕೆ ಹಣ ಕೇಳುವ ಪ್ರತಿ ಪ್ರಸ್ತಾವದಲ್ಲಿ ಆ ಯಂತ್ರದ ಆಯುಷ್ಯದಷ್ಟು ಕಾಲಕ್ಕಾದರೂ ಒಬ್ಬ ಗಣಕ ವಿಜ್ಞಾನಿಯ ಸಂಬಳವನ್ನು ಕಡ್ಡಾಯ ಮಾಡಬಹುದು. ಬಡ್ತಿಗೆ ಪ್ರಬಂಧಗಳ ಎಣಿಕೆಯ ಜತೆ ಇತರರು ಬಳಸುತ್ತಿರುವ ಕೋಡ್‌ಗೂ ಅಂಕ ಕೊಡಬೇಕು. ಪಿಎಚ್‌ಡಿ ಪ್ರಬಂಧದ ಜತೆ ಕೋಡ್, ಮಾಡೆಲ್‌ನ ಸೆಟ್ಟಿಂಗ್ ಕಡತ, ಕಂಪೈಲರ್ ಮತ್ತು ಲೈಬ್ರರಿಗಳ ಆವೃತ್ತಿ ಒಪ್ಪಿಸದೆ ಮೌಖಿಕ ಪರೀಕ್ಷೆ ಬೇಡ. ಎಂ.ಎಸ್ಸಿ. ಭೂವಿಜ್ಞಾನದಲ್ಲಿ ಒಂದು ಸೆಮಿಸ್ಟರ್ ಲಿನಕ್ಸ್, ಗಿಟ್ (ಕೋಡಿನ ಆವೃತ್ತಿಗಳನ್ನು ಕಾಪಿಡುವ ಸಾಧನ), ನೆಟ್‌ಸಿಡಿಎಫ್ ಕಡತ (ಹವಾಮಾನ ದತ್ತಾಂಶ ಇಡುವ ರೂಪ), ಪೈಥಾನ್ ಇರಲಿ. ಪರೀಕ್ಷೆ ಕಂಪ್ಯೂಟರ್ ಮುಂದೆ ನಡೆಯಲಿ, ಪ್ರಶ್ನೆ ಪತ್ರಿಕೆಯಲ್ಲಿ ‘ನೆಟ್‌ಸಿಡಿಎಫ್ ಎಂದರೇನು? ವಿವರಿಸಿ’ ಎಂಬಂಥದ್ದು ಬೇಡ.

ಹುದ್ದೆಗೆ ಆಯ್ಕೆ ಮಾಡುವಾಗಲೂ ಪದವಿ, ಅಂಕಗಳನ್ನಷ್ಟೇ ನೋಡಿ ಪ್ರಯೋಜನವಿಲ್ಲ. ಅಭ್ಯರ್ಥಿಗೆ ಒಂದು ವರ್ಷದ ಮಳೆ ಕಡತ, ಅದೇ ವರ್ಷದ ಇಆರ್‌ಎ5 ಕಡತ, ಎರಡು ಗಂಟೆ ಸಮಯ ಕೊಡಿ. ಬೆಂಗಳೂರಿನ ಮೇ ತಿಂಗಳ ಮಳೆಯನ್ನು ಎರಡರಿಂದಲೂ ತೆಗೆದು ಹೋಲಿಸಲು ಹೇಳಿ. ಸಂದರ್ಶನದಲ್ಲಿ ಆತನೋ ಆಕೆಯೋ ತಂದ ನಕ್ಷೆಗಿಂತ ಮೊದಲು, ನಡುವೆ ನಿಮ್ಮನ್ನು ಕೇಳಿದ ಪ್ರಶ್ನೆಗಳನ್ನು ನೋಡಿ. ಕಡತದ ಗಾತ್ರ ಇಷ್ಟೇಕಿದೆ, ದಿನ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿದವರನ್ನು ಕಾಯಂ ಮಾಡಿಕೊಳ್ಳಿ.

– ಭೂವಿಜ್ಞಾನ ಸಂಶೋಧನೆಯ ಕೆಲವು ಗಣಕ ವಿಜ್ಞಾನಿಗಳು, ಬೆಂಗಳೂರು